ಖಾಲಿ ತಿರುಗುವ ಮೆಷಿನ್ನು

ಥೂ! ನಮ್ಮ ಕಟ್ಟಡದ ಬಟ್ಟೆ ಒಗೆಯೋ ಕೋಣೆಗೆ ಕಾಲಿಟ್ಟರೆ ನನಗೆ ಅಸಹ್ಯ ಆಗುತ್ತೆ. ವಾಸನೆಗಲ್ಲ, ಅಲ್ಲಿರೋದು ಸೋಪಿನ ಘಮ ಒಂದೇ. ನಮ್ಮ ಜನರನ್ನ ನೆನೆಸಿಕೊಂಡು, ಅದರಲ್ಲೂ ನನ್ನ ಅಣ್ಣನ ಹೆಂಡತಿಯನ್ನ, ಆಮೇಲೆ ನನ್ನನ್ನ.

ಹನ್ನೆರಡು ಮನೆಗೆ ಕೆಳಗೆ ಒಂದೇ ಮೆಷಿನ್ನು. ಅರ್ಧ ಗಂಟೆ ಒಗೆಯುತ್ತೆ, ಇನ್ನರ್ಧ ಗಂಟೆ ಒಣಗಿಸುತ್ತೆ. ಮನೆಗೆ ದಿನಕ್ಕೊಂದು ಗಂಟೆ ಪಾಳಿ. ವಾರ ವಾರ ಪಾಳಿ ಬದಲಿಸಿ ಪಟ್ಟಿ ಬರೆದು ಬಾಗಿಲಿಗೆ ಅಂಟಿಸೋಳು ನಾನೇ.

ಇಪ್ಪತ್ತು ವರ್ಷದ ಹಿಂದೆ ನಾವು ಈ ದೇಶಕ್ಕೆ ಹೊಸಬರು. ಪಕ್ಕದ ಮನೆ ಮುದುಕಿ ನಮ್ಮ ಪಾಳಿ ಮುಗಿಯೋದನ್ನೇ ಕಾಯ್ತಿದ್ದಳು. ಮೂಗು ಮುಚ್ಚಿಕೊಂಡು ಬಂದು, ಬಿಸಿನೀರಲ್ಲಿ ಮೆಷಿನ್ನನ್ನ ಒಂದು ಸಲ ಖಾಲಿ ತಿರುಗಿಸಿ, ಆಮೇಲೆ ತನ್ನ ಬಟ್ಟೆ ಹಾಕೋಳು. "ನಮ್ಮ ಮೈಗೇನು ಹುಳ ಹತ್ತಿದೆಯೇನೇ?" ಅಂತ ಅತ್ತಿಗೆ ಟವೆಲ್ಲಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ದರು. ನಾನೇ ನೀರು ಕೊಟ್ಟು ಸಮಾಧಾನ ಮಾಡಿದ್ದೆ.

ಮುದುಕಿ ಸತ್ತಳು. ಹೋದ ತಿಂಗಳು ಮೂರನೇ ಮಹಡಿಗೆ ಹೊಸದೊಂದು ಸಂಸಾರ ಬಂತು. ನಮಗಿಂತ ಕಪ್ಪು ಜನ. ನಾವೇನು ಹಾಲಲ್ಲಿ ಅದ್ದಿ ತೆಗೆದವರಾ? ಆದರೂ ಅತ್ತಿಗೆ ಶುರು ಹಚ್ಚಿಕೊಂಡರು, ಅದೇ ಬಿಸಿನೀರು, ಅದೇ ಖಾಲಿ ಮೆಷಿನ್ನು. ಉಳಿದವರೂ ಕಲಿತರು. ಸುಳ್ಳು ಯಾಕೆ ಹೇಳಲಿ, ನಾನೂ ಎರಡು ಸಲ ಮಾಡಿದೆ.

ಆ ಮನೆಯಾಕೆಗೆ ಆಸ್ಪತ್ರೆಯಲ್ಲಿ ರೋಗಿಗಳನ್ನ ಎತ್ತಿ ಕೂರಿಸೋ ಕೆಲಸ. ಇರೋದೊಂದೇ ಯೂನಿಫಾರ್ಮು. ಈ ವಾರ ಬೆಳಿಗ್ಗೆ ಆರಕ್ಕೆ ಅವಳ ಪಾಳಿ, ಏಳಕ್ಕೆ ನನ್ನದು, ಎಂಟಕ್ಕೆ ಅತ್ತಿಗೆಯದು. ಎರಡು ಸಲ ಅವಳು ಒದ್ದೆ ಯೂನಿಫಾರ್ಮಲ್ಲೇ ನಡುಗ್ತಾ ಬಸ್ಸಿಗೆ ಓಡಿದ್ದನ್ನ ನೋಡಿದ್ದೆ. ಒಂದು ಗಂಟೆ ಸಾಲದಾ ಇವಳಿಗೆ, ಎಂಥ ಸೋಮಾರಿ ಅಂದುಕೊಂಡೆ.

ಮೊನ್ನೆ ಏಳಕ್ಕೆ ಐದು ನಿಮಿಷ ಇರುವಾಗಲೇ ಇಳಿದು ಹೋದೆ. ಮೆಷಿನ್ನು ಖಾಲಿ ತಿರುಗ್ತಿತ್ತು. ಅವಳು ನೀರು ಸೋರೋ ಯೂನಿಫಾರ್ಮನ್ನ ಕೈಯಲ್ಲಿ ಹಿಂಡ್ತಾ ನಿಂತಿದ್ದಳು.

"ಒಣಗಿಸಲ್ವಾ?" ಅಂದೆ.

"ಟೈಮಿಲ್ಲ ಅಕ್ಕ, ನನ್ನ ಪಾಳಿ ಮುಗೀತು. ಒದ್ದೆ ಬಟ್ಟೇಲಿ ಎರಡು ಸಲ ಹೋಗಿ ಬೈಸಿಕೊಂಡಿದ್ದೀನಿ. ಇನ್ನೊಂದು ಸಲ ಹೋದರೆ ಕೆಲಸ ಇಲ್ಲ ಅಂದಿದ್ದಾರೆ." ಆಮೇಲೆ ಮೆಷಿನ್ ತೋರಿಸಿ ನಕ್ಕಳು. "ಮುಂದಿನವರಿಗೋಸ್ಕರ ತೊಳೆದಿಡೋದು ನಿಮ್ಮಲ್ಲಿ ಪದ್ಧತಿ ಅಲ್ವಾ? ಯಾರೂ ಹೇಳಿಕೊಡಲಿಲ್ಲ. ಪಾಳಿ ಬದಲಾಗುವಾಗ ನೀವೆಲ್ಲ ಖಾಲಿ ತಿರುಗಿಸೋದನ್ನ ನೋಡಿ ನಾನೇ ಕಲಿತೆ. ಎಷ್ಟು ಒಳ್ಳೆ ಜನ ನೀವು."

ಅಯ್ಯೋ, ನನ್ನ ಜನ್ಮಕ್ಕಿಷ್ಟು! ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಮೆಷಿನ್ನು ನಿಲ್ಲಿಸಿದೆ. ಯೂನಿಫಾರ್ಮು ಕಿತ್ತುಕೊಂಡು ಒಳಗೆ ಹಾಕಿ, ಒಣಗಿಸೋ ಗುಂಡಿ ಒತ್ತಿದೆ.

"ಮುಂದಿನವರಿಗೋಸ್ಕರ ತೊಳೆದಿದ್ದಲ್ಲಮ್ಮ," ಅಂದೆ. "ನಿನ್ನ ಬಟ್ಟೆ ಹಾಕಿದ ಮೆಷಿನ್ನು ಅಂತ ಅಸಹ್ಯಪಟ್ಟುಕೊಂಡು ತೊಳೀತಿದ್ವಿ. ನಾನೂ ಮಾಡಿದ್ದೀನಿ."

ಅವಳ ನಗು ಆರಿತು. ಅರ್ಧ ಗಂಟೆ ಗೋಡೆ ನೋಡ್ತಾ ನಿಂತಳು. ಒಣಗಿದ ಯೂನಿಫಾರ್ಮು ಕೈಗೆ ಕೊಟ್ಟಾಗ, "ಗೊತ್ತಿದ್ದಿದ್ರೆ ನಿಮಗೋಸ್ಕರ ದಿನಾ ತೊಳೀತಿರಲಿಲ್ಲ," ಅಂದಳು. ಈ ಸಲ ಅಕ್ಕ ಅನ್ನಲಿಲ್ಲ.

ಅವಳು ಹತ್ತಿ ಹೋಗೋದಕ್ಕೂ ಅತ್ತಿಗೆ ಬುಟ್ಟಿ ಹಿಡಿದು ಇಳಿದು ಬರೋದಕ್ಕೂ ಸರಿಹೋಯ್ತು. ನನ್ನ ಪಾಳಿಯಲ್ಲಿ ಉಳಿದಿದ್ದು ಅರ್ಧ ಗಂಟೆ. ನಾನು ನನ್ನ ಬಟ್ಟೆ ಹಾಗೇ ತುಂಬಿದೆ.

"ತಲೆ ಕೆಟ್ಟಿದೆಯೇನೇ ನಿನಗೆ? ಅವಳದ್ದು ತೆಗೆದ ಮೆಷಿನ್ನಿಗೆ ಹಾಗೇ ಹಾಕ್ತೀಯಾ?"

"ಆ ಮುದುಕಿ ನೆನಪಿದ್ದಾಳಾ ಅತ್ತಿಗೆ? ಟವೆಲ್ಲು ನೆನಪಿದೆಯಾ?"

"ನಾವು ಬೇರೆ, ಇವರು ಬೇರೆ ಕಣೇ," ಅಂದರು.

ಎಂಟು ಗಂಟೆಗೆ ನನ್ನ ಬಟ್ಟೆ ಹಸಿಯಾಗೇ ತೆಗೆದುಕೊಂಡೆ. ಇಷ್ಟು ವರ್ಷ ಒಂದೇ ತಟ್ಟೇಲಿ ನನ್ನ ಜೊತೆ ಉಂಡ ಅತ್ತಿಗೆ ಬುಟ್ಟಿ ಕೆಳಗಿಟ್ಟರು, ಸೆರಗಲ್ಲಿ ಮೂಗು ಮುಚ್ಚಿಕೊಂಡರು, ಬಿಸಿನೀರಿನ ಗುಂಡಿ ಒತ್ತಿ ಮೆಷಿನ್ನನ್ನ ಖಾಲಿ ತಿರುಗೋಕೆ ಬಿಟ್ಟರು.