ಎಡಕ್ಕೆ ತಿರುಗದ ಆಟ

ಮಹೇಶಕುಮಾರ ಕಟ್ಟಿದ ದಾರಿಯಲ್ಲಿ ಹಿಂದಕ್ಕೆ ಹೋಗಲು ಬರುತ್ತಿರಲಿಲ್ಲ.

ಅದು ವಿಡಿಯೊ ಆಟದೊಳಗಿನ ದಾರಿ. ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ಊರೊಂದರ ನಡುವೆ ನಡೆದು ಹೋಗುತ್ತಾಳೆ. ಆಡುವವನು ಅವಳನ್ನು ನಡೆಸುತ್ತಾನೆ. ಬೇಕೆಂದಲ್ಲಿ ನಿಲ್ಲಿಸಬಹುದು, ಮೆಲ್ಲಗೆ ನಡೆಸಬಹುದು, ಬಾಗಿಲು ತೆರೆದ ಮನೆಯವರೊಡನೆ ಮಾತಾಡಿಸಬಹುದು. ಹಿಂದಿರುಗಿಸುವಂತಿಲ್ಲ. ದಾಟಿದ ಮನೆ ದಾಟಿತು, ಆಡದೆ ಉಳಿದ ಮಾತು ಉಳಿಯಿತು.

ಹೈದರಾಬಾದಿನ ಮಾದಾಪುರದ ಗಾಜಿನ ಕಟ್ಟಡವೊಂದರಲ್ಲಿ ಎರಡು ಮಹಡಿ ಹಿಡಿದಿದ್ದ, ಅವನು ದುಡಿಯುವ ಕಂಪನಿ ಹೊರದೇಶದ ಆಟಗಳಿಗೆ ಬಿಡಿಭಾಗ ಒದಗಿಸಿ ಬದುಕುತ್ತಿತ್ತು. ಒಂದು ಆಟಕ್ಕೆ ಕಾರಿನ ಚಕ್ರ, ಇನ್ನೊಂದಕ್ಕೆ ಬಂದೂಕಿನ ಹಿಡಿ, ಮತ್ತೊಂದಕ್ಕೆ ಸುಟ್ಟ ಪಟ್ಟಣದ ಇಟ್ಟಿಗೆ ರಾಶಿ. ಮಹೇಶ ಬಹುಕಾಲ ಇಟ್ಟಿಗೆ ಮಾಡಿದವನು. ಜಗತ್ತಿನ ಯಾವ ಯಾವ ಊರು ಯಾರ ಯಾರ ಪರದೆಯ ಮೇಲೆ ಉರುಳಿಬಿದ್ದಾಗಲೂ ಆ ಇಟ್ಟಿಗೆಗಳಲ್ಲಿ ಒಂದಷ್ಟು ಅವನವು. ಅದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ, ಹೇಳಿಕೊಳ್ಳುವಂಥದ್ದೂ ಆಗಿರಲಿಲ್ಲ. ನಲವತ್ತು ತುಂಬುವ ಮೊದಲೇ ಅವನ ಕಣ್ಣುಗಳು ಬತ್ತಿದ್ದವು, ಕುತ್ತಿಗೆ ಬಲಕ್ಕೆ ವಾಲಿತ್ತು. ಹಾಗಿರುವಾಗ, ಆಟವೊಂದರ ಇಡಿಯ ಅಧ್ಯಾಯವನ್ನು ಹೈದರಾಬಾದಿನವರೇ ಕಟ್ಟಲಿ ಎಂದು ಒಬ್ಬ ಗಿರಾಕಿ ಒಪ್ಪಿದ್ದು ಅದೇ ಮೊದಲು. ಆ ಅಧ್ಯಾಯವೇ ಈ ದಾರಿ.

ಸೋಮವಾರ ಗಿರಾಕಿಯ ಕಡೆಯಿಂದ ಪ್ರಶ್ನೆ ಬಂದಿತ್ತು. ಹಿಂದಿರುಗಲು ಯಾಕೆ ಬರುವುದಿಲ್ಲ? ಕಾರಣವಿದ್ದರೆ ತಿಳಿಸಿ, ಇಲ್ಲದಿದ್ದರೆ ಸರಿಪಡಿಸಿ. ಶುಕ್ರವಾರ ಬೆಳಿಗ್ಗೆ ಫೋನಿನಲ್ಲಿ ಮಾತಾಡೋಣ. ಉತ್ತರ ಅವರಿಗೆ ಒಪ್ಪಿಗೆಯಾಗದಿದ್ದರೆ ಮಹೇಶನ ದಾರಿ ಎಲ್ಲರ ದಾರಿಯಂತಾಗುತ್ತದೆ; ಅವನು ಮರಳಿ ಇಟ್ಟಿಗೆಗೆ ಹೋಗುತ್ತಾನೆ.

ತೊಂದರೆ ಏನೆಂದರೆ, ಅವನ ಬಳಿ ಕಾರಣವಿರಲಿಲ್ಲ. ಹಾಗೆಯೇ ಇರಬೇಕೆಂದು ಮಾತ್ರ ಅವನಿಗೆ ಗೊತ್ತಿತ್ತು. ಉತ್ತರ ಸರಿಯಿದ್ದರೂ ಮಾಡಿದ ಕ್ರಮ ತೋರಿಸದ ಹುಡುಗನಿಗೆ ಲೆಕ್ಕದ ಮೇಷ್ಟ್ರು ಅಂಕ ಕೊಡುವುದಿಲ್ಲ. ಗಿರಾಕಿ ಮೇಷ್ಟ್ರಿಗಿಂತ ಉದಾರಿಯಾಗಬೇಕಾದ ಕಟ್ಟಳೆ ಎಲ್ಲಿಯೂ ಇಲ್ಲ.

ಮೇಲಧಿಕಾರಿ ಉಪೇಂದ್ರ ಬೆಂಗಳೂರಿನವನು, ಮಹೇಶನಿಗಿಂತ ಚಿಕ್ಕವನು, ಕೆಟ್ಟವನಲ್ಲ. ಗುರುವಾರ ಬೆಳಿಗ್ಗೆ ಚಹಾದ ಲೋಟ ಹಿಡಿದು ಬಂದು ಮೇಜಿನ ತುದಿಗೆ ಒರಗಿ ನಿಂತ.

"ಮಹೇಶ್, ಒಂದು ಕಾರಣ ಹುಟ್ಟಿಸ್ಕೊಂಡ್ರಾ?"

"ಹುಡುಕಾಕತ್ತೀನ್ರಿ."

"ಹುಡುಕೋದೇನು ಬಂತು? ಕರ್ಮ ಅಂದುಬಿಡಿ. ಮಾಡಿದ್ದು ಮಾಡಿಯಾಯ್ತು, ವಾಪಸ್ ಹೋಗೋ ಹಾಗಿಲ್ಲ, ಇದು ಭಾರತೀಯ ತತ್ತ್ವ ಅಂತ. ಆ ಕಡೆಯವರಿಗೆ ಅದು ಬಹಳ ಹಿಡಿಸುತ್ತೆ."

"ನಾ ಕಟ್ಟುವಾಗ ಕರ್ಮದ ವಿಚಾರ ಮಾಡಿರಲಿಲ್ರಿ."

"ಯಾರು ಮಾಡ್ತಾರೆ? ಕಟ್ಟಿದ ಮೇಲೆ ಮಾಡೋದು. ಗೋಡೆ ವಾಲಿದ್ರೆ ವಾಸ್ತು ಅಂತೀವಿ."

ಉಪೇಂದ್ರ ನಕ್ಕು ಹೋದ. ಮಹೇಶ ಕಿಟಕಿಯಾಚೆ ನೋಡುತ್ತ ಕುಳಿತ. ಬಂಡೆ ಸಿಡಿಸಿ ಸಮತಟ್ಟು ಮಾಡುತ್ತಿದ್ದ ನೆಲದಲ್ಲಿ ಇನ್ನೊಂದು ಗಾಜಿನ ಕಟ್ಟಡ ಏಳುತ್ತಿತ್ತು.

ಕಾರಣ ಎಲ್ಲಿಂದ ಬಂದಿರಬೇಕೆಂಬುದು ಅವನಿಗೆ ತಿಳಿದಿತ್ತು. ಮಾತಿನಲ್ಲಿ ಇಡಲು ಬರುತ್ತಿರಲಿಲ್ಲ, ಅಷ್ಟೆ. ಅವನ ತಂದೆ ರಾಯಚೂರು ಕಡೆಯಿಂದ ಈ ಊರಿಗೆ ಬಂದು ಅಬಿಡ್ಸ್‌ನ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುತ್ತಿದ್ದವರು. ಶಾಲೆ ಬಿಟ್ಟ ಮೇಲೆ ಮಹೇಶ ಮತ್ತು ಅಕ್ಕ ಗೋದಾವರಿ ತಂದೆಯ ಪಾಳಿ ಮುಗಿಯುವವರೆಗೆ ಎದುರಿನ ಗಲ್ಲಿಯಲ್ಲಿ ಕಾಯಬೇಕಿತ್ತು. ಗಲ್ಲಿಯಲ್ಲಿ ಜಹೀರ್ ಭಾಯಿಯ ವಿಡಿಯೊ ಆಟದ ಅಂಗಡಿ. ಒಳಗೆ ನಾಲ್ಕು ಪೆಟ್ಟಿಗೆಗಳು. ಮೂರರ ಮುಂದೆ ದೊಡ್ಡ ಹುಡುಗರ ಗುಂಪು. ಮೂಲೆಯ ನಾಲ್ಕನೆಯದರ ಮುಂದೆ ಯಾರೂ ಇಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಆ ಪೆಟ್ಟಿಗೆ ಅಕ್ಕ ತಮ್ಮಂದಿರದಾಯಿತು. ಅಕ್ಕನ ಕೈಯಲ್ಲಿ ನಡೆಸುವ ಹಿಡಿಕೆ, ತಮ್ಮನ ಕೈಯಲ್ಲಿ ನೆಗೆಸುವ ಗುಂಡಿ. ಒಂದು ಆಟವನ್ನು ಇಬ್ಬರು ಆಡುವುದು ಆ ಗಲ್ಲಿಯ ರೂಢಿ.

ಆಟದ ಹೆಸರು ಯಾರಿಗೂ ಓದಲು ಬರದ ಲಿಪಿಯಲ್ಲಿತ್ತು. ಬೆನ್ನ ಮೇಲೆ ಗಂಟು ಹೊತ್ತ ಮನುಷ್ಯನೊಬ್ಬ ನಡೆಯುತ್ತಿದ್ದುದರಿಂದ ಹುಡುಗರು ಅದನ್ನು ಗಠಡಿವಾಲಾ, ಅಂದರೆ ಗಂಟಿನವನು, ಎನ್ನುತ್ತಿದ್ದರು. ಅವನು ಬಲಕ್ಕೆ ನಡೆಯುತ್ತಲೇ ಇದ್ದ. ಬಾವಿಕಟ್ಟೆಯಲ್ಲಿ ಒಬ್ಬ ಮುದುಕಿ ಕೈಚಾಚುತ್ತಿದ್ದಳು. ಅವಳಿಗೇನು ಬೇಕೆಂದು ಅರ್ಥವಾಗುವುದರೊಳಗೆ ಅಕ್ಕ ತಮ್ಮ ದಾಟಿ ಹೋಗುತ್ತಿದ್ದರು. ಒಂದು ನಾಯಿ ಸೇತುವೆಯವರೆಗೆ ಹಿಂದೆಯೇ ಬರುತ್ತಿತ್ತು. ಸೇತುವೆಯ ಹಲಗೆ ಬಿದ್ದು ಅದು ಆಚೆ ದಡದಲ್ಲಿಯೇ ಉಳಿಯುತ್ತಿತ್ತು. ಗಂಟಿನವನು ತಿರುಗಿಯೂ ನೋಡುತ್ತಿರಲಿಲ್ಲ. ಮಹೇಶ ಪ್ರತಿ ಸಲವೂ ಇಂದು ನಾಯಿ ದಾಟೀತೆಂದು ಉಸಿರು ಹಿಡಿಯುತ್ತಿದ್ದ.

ಅನಂತರ ಅವನು ಆಡದ ಆಟವಿಲ್ಲ. ಬಾಡಿಗೆಗೆ ತಂದ ಕ್ಯಾಸೆಟ್ಟುಗಳು, ಅಮೀರ್‌ಪೇಟೆಯಲ್ಲಿ ಕೋರ್ಸು ಓದುವಾಗ ಕೆಫೆಗಳಲ್ಲಿ ಹುಡುಗರು ಸಾಲಾಗಿ ಕುಳಿತು ಒಬ್ಬರನ್ನೊಬ್ಬರು ಸುಡುತ್ತಿದ್ದ ಆಟಗಳು, ಕೊನೆಗೆ ಉದ್ಯೋಗದ ನೆಪದ ಆಟಗಳು. ಕೆಲವು ಅವನನ್ನು ಬೆರಗುಗೊಳಿಸಿದವು, ಹಲವು ದಣಿಸಿದವು. ಆಟವೂ ಒಂದು ಕಲೆಯೇ ಎಂದು ಯಾರಾದರೂ ವಾದ ಹೂಡಿದಾಗ ಅವನು ಸುಮ್ಮನಿರುತ್ತಿದ್ದ. ಮನಸ್ಸಿನಲ್ಲಿ ಮಾತ್ರ ಆ ಸೇತುವೆಯನ್ನು ಎತ್ತಿ ತೋರಿಸುತ್ತಿದ್ದ. ಹಿಂದಿರುಗುವ ದಾರಿಯನ್ನೇ ತೆಗೆದುಹಾಕಿ ಮಕ್ಕಳಿಗೆ ಅಗಲಿಕೆ ಕಲಿಸಿದ ಆ ಆಟ ಮಾಡಿದ ಅಜ್ಞಾತನನ್ನು ಅವನು ಗುರುವೆಂದು ನಂಬಿದ್ದ.

ಮಧ್ಯಾಹ್ನ ಅಮೀರ್‌ಪೇಟೆಗೆ ಹೋದ. ಗೋದಾವರಿ ಅಲ್ಲಿ ಹಾಸ್ಟೆಲಿನ ಕೆಳಗೆ ಖಾನಾವಳಿ ನಡೆಸುತ್ತಿದ್ದಳು. ಸಾಫ್ಟ್‌ವೇರ್ ಕಲಿಯಲು ಬಂದ ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳು ಅವಳ ರೊಟ್ಟಿ ತಿಂದು ಜಾವಾ ಕಲಿಯುತ್ತಿದ್ದರು. ಗದ್ದಲ ಇಳಿದಿತ್ತು. ಅವಳು ತಮ್ಮನಿಗೆ ತಾಟು ಹಾಕಿ ಎದುರಿಗೆ ಕುಳಿತಳು.

"ಮಾರಿ ಯಾಕೋ ಹಿಂಗ ಬಾಡೇತಿ? ಕಂಪನ್ಯಾಗ ಅನ್ನ ಹಾಕಂಗಿಲ್ಲೇನು?"

"ಅಕ್ಕಾ, ಗಠಡಿವಾಲಾ ನೆನಪೈತೇನು?"

"ಐತಿ. ಮೂಲ್ಯಾಗಿನ ಡಬ್ಬಿ."

"ಆ ಆಟದಾಗ ಹಿಂದಕ ಹೋಗಾಕ ಬರತಿರಲಿಲ್ಲಲ್ಲ. ಆವಾಗ ನಿನಗ ಏನ್ ಅನಿಸ್ತಿತ್ತು? ನಾಳೆ ಹೇಳಬೇಕಾಗೇತಿ, ಅದಕ್ಕ ಕೇಳಾಕತ್ತೀನಿ."

ಗೋದಾವರಿ ಅವನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿ ನಕ್ಕಳು.

"ಹಿಡಿಕಿ ಮುರದಿತ್ತೋ, ತಮ್ಮಾ."

"ಏನು?"

"ಹಿಡಿಕಿ. ಎಡಕ ಒತ್ತಿದ್ರ ಲೊಡಲೊಡ ಅಂತಿತ್ತು, ಅಂವ ಅಲ್ಲೇ ನಿಂದರತಿದ್ದ. ಅದಕ್ಕ ಆ ಡಬ್ಬಿ ಕಡೆ ಯಾರೂ ಬರತಿರಲಿಲ್ಲ. ನಾ ಮೊದಲನೇ ದಿನ ಕೇಳಿದ್ರ ಜಹೀರ್ ಭಾಯಿ ಏನಂದ್ರು ಗೊತ್ತೈತಿ? 'ಬಾಯೇಂ ನೈ ಜಾತಾ ಬೇಟಿ, ಸೀದಾ ಚಲಾವ್' ಅಂದ್ರು. ಎಡಕ ಹೋಗೂದಿಲ್ಲ, ಸೀದಾ ನಡಸು, ಅಷ್ಟ."

ಮಹೇಶನ ಕೈಯಲ್ಲಿಯ ತುತ್ತು ತಾಟಿಗೆ ಇಳಿಯಿತು. "ನನಗ ಹೇಳಲಿಲ್ಲಲ್ಲ."

"ನೀ ಬರೇ ಗುಂಡಿ ಒತ್ತಾಂವ. ಮುರದ ಡಬ್ಬಿ ಅಂತ ಗೊತ್ತಾಗಿದ್ರ ಒಳ್ಳೇದು ಬೇಕಂತ ಅಳತಿದ್ದಿ. ಬಲಕ್ಕ ಹೋಗೂಣು ಅಂದೆ, ಹೂಂ ಅಂದಿ." ಅವಳು ಇನ್ನೊಂದು ರೊಟ್ಟಿ ಹಾಕಿದಳು. "ಕುಣಿಲಾರದಾಕಿ ಅಂಗಳ ಡೊಂಕು ಅಂದ್ಳಂತ. ನಿನ್ನ ಅಂಗಳ ಖರೇನ ಡೊಂಕಿತ್ತು, ನೀ ಅದಕ್ಕ ಕುಣಿಯೂದು ಹಿಂಗ ಅಂತ ತಿಳಕೊಂಡಿ. ಉಣ್ಣು."

ಅವನು ಉಂಡ. ರುಚಿ ತಿಳಿಯಲಿಲ್ಲ.

ಕಂಪನಿಯ ಪರೀಕ್ಷಾ ವಿಭಾಗದಲ್ಲಿ ಹಳೆಯ ಆಟಗಳ ಸಂಗ್ರಹವೊಂದಿತ್ತು. ಪೆಟ್ಟಿಗೆ ಇಲ್ಲದೆಯೂ ಅವನ್ನು ಕಂಪ್ಯೂಟರಿನಲ್ಲಿ ಆಡಬಹುದಿತ್ತು. ಮಹೇಶ ಇಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ನೆನಪಿನಲ್ಲಿ ಪೂರ್ತಿಯಾಗಿರುವುದನ್ನು ಮತ್ತೆ ನೋಡುವುದೇಕೆಂಬ ಭಾವನೆ. ಮರಳಿ ಬಂದವನೇ ಹುಡುಕಿದ. ಗಂಟಿನವನು ಸಿಕ್ಕ.

ಈ ಸಲ ಹಿಡಿಕೆ ಅವನ ಕೈಯಲ್ಲಿಯೇ ಇತ್ತು. ಆಟ ಆರಂಭವಾದೊಡನೆ ಎಡಕ್ಕೆ ಒತ್ತಿದ. ಗಂಟಿನವನು ಯಾವ ತಕರಾರೂ ಇಲ್ಲದೆ ತಿರುಗಿ ಎಡಕ್ಕೆ ನಡೆದ. ಅಲ್ಲಿ ಒಂದು ಕೆರೆ, ಒಂದು ಛತ್ರ, ನೀರಿನ ತಂಬಿಗೆ ಮಾರುವ ಅಂಗಡಿ. ತಂಬಿಗೆ ತಂದು ಮುದುಕಿಗೆ ಕೊಟ್ಟರೆ ಪರದೆಯ ಮೂಲೆಯಲ್ಲಿ ಅಂಕ ಏರಿತು. ಹಲಗೆ ಬೀಳುವ ಮೊದಲು ಹಿಂದೆ ಹೋಗಿ ನಾಯಿಯನ್ನು ಎತ್ತಿಕೊಂಡ. ಅದಕ್ಕೂ ಅಂಕ. ನಾಯಿ ಒಮ್ಮೆ ಬೊಗಳಿ ಮಾಯವಾಯಿತು; ಮತ್ತೆ ಎಲ್ಲಿಯೂ ಕಾಣಿಸಲಿಲ್ಲ. ಮತ್ತೊಮ್ಮೆ ಆಡಿ, ಬೇಕೆಂದೇ ಅದನ್ನು ಆಚೆ ದಡದಲ್ಲಿ ಬಿಟ್ಟುಬಂದ. ಈಗ ಅದು ಮರೆತುಬಂದ ಸಾಮಾನಿನಂತೆ ಕಂಡಿತು. ಆಟ ಕೆಟ್ಟದ್ದಾಗಿರಲಿಲ್ಲ. ಚುರುಕಾದ, ಸಾಧಾರಣ ಆಟ. ಅದನ್ನು ಮಾಡಿದವನು ಯಾರಿಗೂ ಏನನ್ನೂ ಕಲಿಸಲು ಹೊರಟಿರಲಿಲ್ಲ.

ಗುರುವೂ ಇರಲಿಲ್ಲ, ಪಾಠವೂ ಇರಲಿಲ್ಲ. ಹಿಡಿಕೆಯೊಳಗೆ ಸವೆದ ಒಂದು ತುಂಡು ತಗಡು ಇತ್ತು, ಅಷ್ಟೆ. ಅವನು ಕುರ್ಚಿಗೆ ಒರಗಿ ಕಣ್ಣು ಒತ್ತಿಕೊಂಡ. ವರ್ಷಗಳ ಇಟ್ಟಿಗೆಯ ಭಾರವೆಲ್ಲ ಆಗ ಒಟ್ಟಿಗೆ ತೋಳಿಗೆ ಇಳಿದಂತಾಯಿತು.

ಶುಕ್ರವಾರ ಬೆಳಿಗ್ಗೆ ಸಭೆಯ ಕೋಣೆಯಲ್ಲಿ ಉಪೇಂದ್ರ ಫೋನನ್ನು ಮೇಜಿನ ನಡುವೆ ಇರಿಸಿದ. ಗಿರಾಕಿಯ ಕಡೆಯಿಂದ ಮಾತಾಡುವವಳು ಇಂಗ್ರಿಡ್ ಎಂಬ ಹೆಂಗಸು, ಹೆಚ್ಚು ಮಾತಿನವಳಲ್ಲ. ಕುಶಲ ಕೇಳಿದ ಮರುಕ್ಷಣವೇ ಪ್ರಶ್ನೆಗೆ ಬಂದಳು. ಉಪೇಂದ್ರ ಮಹೇಶನ ಕಡೆ ನೋಡಿ ಶಬ್ದವಿಲ್ಲದೆ ತುಟಿಯಲ್ಲಿ 'ಕರ್ಮ' ಎಂದ.

ಮಹೇಶ ತನ್ನ ಒರಟು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದ. ಗಲ್ಲಿ, ಪೆಟ್ಟಿಗೆ, ಅಕ್ಕನ ಕೈಯಲ್ಲಿದ್ದ ಹಿಡಿಕೆ, ನಿನ್ನೆ ಆಡಿದ ಪೂರ್ತಿ ಆಟ. ಉಪೇಂದ್ರ ಹಣೆಗೆ ಕೈ ಹಚ್ಚಿದ.

ಆಮೇಲೆ ಇಂಗ್ರಿಡ್ ಕೇಳಿದಳು: ಹಾಗಾದರೆ ಇದು ತಪ್ಪಿನಿಂದ ಹುಟ್ಟಿದ್ದು. ಈಗ ತಪ್ಪು ನಿಮಗೆ ತಿಳಿದಿದೆ. ತಿದ್ದುತ್ತೀರೋ?

"ಇಲ್ಲ," ಎಂದ ಮಹೇಶ.

ಯಾಕೆ?

ಅವನು ಯೋಚಿಸಿದ. ಹಿಂದಿನ ದಿನದವರೆಗೆ ಇರದಿದ್ದ ಕಾರಣ ಈಗ ಇತ್ತು. ಎರಡೂ ಆಟಗಳನ್ನು ಆಡಿದ್ದೇನೆ, ಎಂದ. ಸರಿಯಿರುವ ಆಟದಲ್ಲಿ ನಾಯಿಗೆ ಬೆಲೆಯಿತ್ತು, ಅದು ಅಂಕದಲ್ಲಿತ್ತು. ಮುರಿದ ಆಟದ ನಾಯಿ ಇನ್ನೂ ನನ್ನೊಡನೆ ಇದೆ. ನನ್ನ ದಾರಿಯ ಮನೆಗಳನ್ನು ಮತ್ತೆ ಮತ್ತೆ ನೋಡಬಹುದಾದರೆ ಯಾರೂ ಒಂದು ಸಲವೂ ಸರಿಯಾಗಿ ನೋಡುವುದಿಲ್ಲ.

ಇಂಗ್ರಿಡ್ ನಗಲಿಲ್ಲ, ಹೊಗಳಲೂ ಇಲ್ಲ. ನೀವು ಹೇಳಿದ್ದು ನನಗೆ ಅರ್ಥವಾಯಿತು, ಎಂದಳು. ಆದರೆ ಮನೆಯಲ್ಲಿ ಕುಳಿತು ಆಡುವವರಿಗೆ ನಾವಿಬ್ಬರೂ ಹೋಗಿ ಹೇಳುವಂತಿಲ್ಲ. ಹಿಂದಿರುಗಲು ಬಾರದಿದ್ದರೆ ತಮ್ಮ ಹಿಡಿಕೆ ಕೆಟ್ಟಿದೆಯೆಂದೇ ಅವರು ತಿಳಿಯುತ್ತಾರೆ. ಅಂಗಡಿಗೆ ಮರಳಿಸುತ್ತಾರೆ. ಹಿಂದಿರುಗುವ ದಾರಿ ಬೇಕೇ ಬೇಕು. ನೀವೇ ಮಾಡುವಿರಾದರೆ ಅಧ್ಯಾಯ ನಿಮ್ಮಲ್ಲಿಯೇ ಇರಲಿ. ಆಗದಿದ್ದರೆ ಇಲ್ಲಿನ ತಂಡ ಮಾಡುತ್ತದೆ.

ಫೋನು ಇಟ್ಟ ಮೇಲೆ ಉಪೇಂದ್ರ ತಣ್ಣಗೆ ಹೇಳಿದ: "ಕರ್ಮ ಅಂದಿದ್ರೆ ಉಳೀತಿತ್ತು, ಮಾರಾಯ."

"ಉಳೀತಿತ್ತೋ ಏನೋ. ಆದ್ರ ನಂದಾಗಿ ಉಳೀತಿರಲಿಲ್ರಿ."

"ಬೇಜಾರಿದ್ರೆ ಬಿಟ್ಟುಬಿಡಿ. ಅವರೇ ಮಾಡ್ಕೊಳ್ಳಲಿ. ನಿಮ್ಮ ದಾರೀನ ನೀವೇ ಯಾಕೆ ಕೆಡಿಸ್ತೀರಾ?"

ಮಹೇಶ ತನ್ನ ಮೇಜಿಗೆ ಹೋದ. ಬಿಡುವುದು ಸುಲಭವಿತ್ತು. ಬಿಟ್ಟರೆ ಬುಟ್ಟಿಯವಳನ್ನು ಬೇರೆ ಯಾರೋ ತಿರುಗಿಸುತ್ತಾರೆ, ಅವಸರದಲ್ಲಿ, ಅವಳು ಯಾರೆಂದು ತಿಳಿಯದೆ.

ದಾರಿಯನ್ನು ತೆರೆದ. ತಡೆಯನ್ನು ತೆಗೆಯುವುದು ಒಂದು ಸಾಲಿನ ಕೆಲಸ, ತೆಗೆದ. ಬುಟ್ಟಿ ಹೊತ್ತ ಹೆಂಗಸನ್ನು ಮೊದಲ ಸಲ ಹಿಂದಕ್ಕೆ ತಿರುಗಿಸಿದ.

ಮನೆಗಳಿಗೆ ಹಿಂಬದಿ ಇರಲಿಲ್ಲ. ದಾಟಿ ಬಂದ ಕಡೆಯಿಂದ ನೋಡಿದರೆ ಗೋಡೆಗಳು ಬರಿಯ ಹಾಳೆ, ಮರಗಳು ಅರ್ಧ ಮರ. ಅದು ಅವನಿಗೆ ಗೊತ್ತಿದ್ದ ಸಂಗತಿ. ಕಾಣದ ಬದಿಯನ್ನು ಯಾರೂ ಕಟ್ಟುವುದಿಲ್ಲ. ಕಸುಬಿನ ಮೊದಲ ಮಿತವ್ಯಯವದು. ಅವನು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಅವಳನ್ನು. ಮನೆಯವರೊಡನೆ ಮಾತಾಡಿಸುವಾಗಲೂ ಆಡುವವನು ಅವಳ ಬೆನ್ನ ಹಿಂದೆಯೇ ಇರುತ್ತಿದ್ದ. ಜಡೆ, ಬೆನ್ನು, ಹಿಮ್ಮಡಿ ಎಲ್ಲವನ್ನೂ ಮಹೇಶ ಪ್ರೀತಿಯಿಂದ ಮಾಡಿದ್ದ. ಈಗ ಬುಟ್ಟಿಯ ಕೆಳಗಿನಿಂದ ಅವನ ಕಡೆ ತಿರುಗಿದಲ್ಲಿ ಮುಖವಿರಲಿಲ್ಲ. ಬೂದು ಬಣ್ಣದ ನುಣುಪಾದ ಮೊಟ್ಟೆಯೊಂದು ಇತ್ತು.

ಮಹೇಶ ಬಹಳ ಹೊತ್ತು ಅದನ್ನು ನೋಡಿದ. ಇಷ್ಟು ದೂರ ಇವಳನ್ನು ಮುಖವಿಲ್ಲದೆಯೇ ನಡೆಸಿಕೊಂಡು ಬಂದಿದ್ದೆ, ಎಂದುಕೊಂಡ.

ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಕಣ್ಣಿನಿಂದ ಆರಂಭಿಸಲಿಲ್ಲ. ಹೊರೆ ಹೊತ್ತವರ ಮುಖದಲ್ಲಿ ಮೊದಲು ಬಿಗಿಯುವುದು ದವಡೆ. ಅಲ್ಲಿಂದ ಆರಂಭಿಸಿದ.