ಪಕ್ಕದ ಸೀಟಿನ ಬ್ರೇಕು

ಮಾಸ್ತರನ ಬಲಗಾಲಿನ ಸ್ವಾಧೀನ ಹೋದದ್ದು ಜೀವನಾಂಶದ ಆದೇಶ ಕೈಸೇರಿದ ವಾರವೇ. ಡ್ರೈವಿಂಗ್ ಕಲಿಸಿ ಬದುಕುವವನಿಗೆ ಕಾಲೇ ಆಡದ ಮೇಲೆ ಸಂಪಾದನೆ ಎಲ್ಲಿಂದ? ಆದ್ದರಿಂದ ಮಗಳ ಖರ್ಚಿಗೆ ಕಾಸು ಬಿಚ್ಚುವುದನ್ನು ನಿಲ್ಲಿಸಿದ. ರಜೆಗೆಂದು ಕರೆದೊಯ್ದ ಮಗಳನ್ನು ವಾಪಸು ಕಳಿಸುವುದನ್ನೂ ನಿಲ್ಲಿಸಿದ. ಅದಕ್ಕೂ ಕಾಲಿಗೂ ಏನು ಸಂಬಂಧವೆಂದು ಹೇಳಲಿಲ್ಲ.

ಮಗಳು ತಾಯಿಯ ಬಳಿ ಇರಬೇಕೆಂದು ನ್ಯಾಯಾಲಯ ಹೇಳಿತ್ತು. ರಜೆ ಮುಗಿದು ಶಾಲೆ ಶುರುವಾದರೂ ಹುಡುಗಿಯ ಚೀಲ ತಾಯಿಯ ಮನೆಯ ಮೊಳೆಗೇ ನೇತುಬಿದ್ದಿತ್ತು. ತಾಯಿ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಕೆಲಸದವಳು. ದಿನವಿಡೀ ಬೇರೆಯವರ ಹಲ್ಲು ಉಜ್ಜಿ ನಯ ಮಾಡಿ, ಸಂಜೆ ತನ್ನ ಹಲ್ಲು ಕಚ್ಚಿಕೊಂಡು ಫೋನು ಮಾಡುತ್ತಿದ್ದಳು.

"ಅವಳೇ ಬರಲ್ಲ ಅಂತಾಳೆ. ನಾನೇನು ಕಟ್ಟಿಹಾಕಿದೀನಾ?" ಎನ್ನುತ್ತಿದ್ದ ಮಾಸ್ತರ.

"ಹಾಗಾದ್ರೆ ಫೋನ್ ಅವಳ ಕೈಗೆ ಕೊಡಿ."

ಮಗಳು ಯಾವಾಗಲೂ ಸ್ನಾನಕ್ಕೆ ಹೋಗಿರುತ್ತಿದ್ದಳು. ಅಷ್ಟು ಶುಭ್ರವಾದ ಮಗು ಊರಿನಲ್ಲಿ ಇನ್ನೊಂದಿರಲಿಲ್ಲ.

ಕೊನೆಗೆ ತಾಯಿ ಆದೇಶದ ಜಾರಿಗೆ ಅರ್ಜಿ ಹಾಕಿದಳು. ವಿಚಾರಣೆಯ ದಿನ ಮಾಸ್ತರ ಮೊಣಕಾಲಿಗೆ ಪಟ್ಟಿ ಬಿಗಿದು, ಊರುಗೋಲು ಹಿಡಿದು, ಜನರಿದ್ದ ಮೆಟ್ಟಿಲುಗಳಲ್ಲೆಲ್ಲ ನರಳುತ್ತ ಬಂದ.

"ಕಾಲಿನ ಬೆರಳೂ ಅಲ್ಲಾಡಲ್ಲ ಮೇಡಂ," ಎಂದ.

"ಕಾಲಿನ ವಿಷಯ ಮಧ್ಯಾಹ್ನ ನೋಡೋಣ," ಎಂದರು ನ್ಯಾಯಾಧೀಶೆ. "ಮೊದಲು ಮಗುನ ಕರ್ಕೊಂಡು ಬನ್ನಿ. ಅಮೀನರು ಜೊತೆಗೆ ಬರ್ತಾರೆ."

ತಾಯಿಯ ವಕೀಲೆ ತನ್ನ ಕಾರು ತೆಗೆದಳು. ಕಾಲು ಚಾಚಲು ಜಾಗ ಬೇಕೆಂದು ಮಾಸ್ತರ ಮುಂದಿನ ಸೀಟು ಹಿಡಿದ. ತಾಯಿ ಮತ್ತು ನ್ಯಾಯಾಲಯದ ಅಮೀನರು ಹಿಂದೆ ಕೂತರು.

ವಕೀಲೆ ಕಾರು ಓಡಿಸುವುದೂ ವಾದ ಮಾಡಿದಂತೆಯೇ: ಯಾರಿಗೂ ದಾರಿ ಬಿಡುವುದಿಲ್ಲ. ಮೊದಲ ತಿರುವಿನಲ್ಲೇ ಎದುರಿಗೆ ಲಾರಿ ಬಂತು. ಧಡ್ ಎಂದು ಸದ್ದಾಯಿತು. ಗುದ್ದಿದ್ದು ಲಾರಿಯಲ್ಲ, ಕಾರಿನ ನೆಲಕ್ಕೆ ಮಾಸ್ತರನ ಬಲಗಾಲು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮಾಸ್ತರನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ವರ್ಷಗಟ್ಟಲೆ ಅದನ್ನು ತುಳಿದ ಕಾಲಿಗೆ ಈ ಕಾರಿನಲ್ಲಿ ಅದಿಲ್ಲವೆಂದು ಯಾರೂ ಹೇಳಿರಲಿಲ್ಲ. ಸಿಗ್ನಲ್ಲಿನಲ್ಲಿ ಮತ್ತೆ ಧಡ್. ಮಾರುಕಟ್ಟೆಯ ಬೀದಿಯಲ್ಲಂತೂ ಹೊಲಿಗೆ ಯಂತ್ರದ ಮುಂದೆ ಕೂತವನಂತೆ ತುಳಿದ.

"ಕ್ಲಚ್ ನಿಧಾನ ಬಿಡ್ರಮ್ಮಾ," ಎಂದು ಗದರಿದ ಕೂಡ.

ಅಮೀನರು ಮುಂದಕ್ಕೆ ಬಾಗಿ ನೋಡಿದರು. "ಕಾಲು ಚೆನ್ನಾಗೇ ಕೆಲಸ ಮಾಡ್ತಿದೆಯಲ್ಲ ಮಾಸ್ತರೇ."

"ನೋವಿಗೆ ಅದರಷ್ಟಕ್ಕೆ ಅದು ಎಳೆಯುತ್ತೆ ಸಾರ್."

"ಲಾರಿ ನೋಡ್ಕೊಂಡು ಎಳೆಯುತ್ತಾ?"

ವಕೀಲೆ ನಕ್ಕಳು. ತಾಯಿ ನಗಲಿಲ್ಲ, ಅವಳ ಕಣ್ಣು ಮುಂದಿನ ಬೀದಿಯ ಮೇಲಿತ್ತು.

ಕಾರು ಮಾಸ್ತರನ ಮನೆಯ ಮುಂದೆ ನಿಂತದ್ದೇ, ಬರುವುದೇ ಇಲ್ಲ ಎನ್ನುತ್ತಿದ್ದ ಮಗಳು ಒಂದೇ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದಳು. "ಅಮ್ಮಾ, ಇಷ್ಟು ದಿನ ಯಾಕೆ ಫೋನೇ ಮಾಡ್ಲಿಲ್ಲ?"

ತಾಯಿ ಮಾಸ್ತರನತ್ತ ತಿರುಗಿದಳು. ಅವನಿಗೆ ಆಗ ಊರುಗೋಲು ಹುಡುಕುವ ಅವಸರ.

ಮಧ್ಯಾಹ್ನ ಅಮೀನರು ಕಂಡದ್ದನ್ನು ಕಂಡಂತೆ ಹೇಳಿದರು. ಅದು ಬರೀ ಅಭ್ಯಾಸಬಲ ಎಂದ ಮಾಸ್ತರ.

"ಬ್ರೇಕ್ ಮರೀದ ಕಾಲು ದುಡಿಮೇನೂ ಮರೆತಿರಲ್ಲ," ಎಂದರು ನ್ಯಾಯಾಧೀಶೆ. ಮಗಳು ತಾಯಿಯ ಜೊತೆ ಹೊರಡಬೇಕು. ಅಪ್ಪ ಅವಳನ್ನು ನೋಡುವುದಿದ್ದರೆ ಇನ್ನು ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ, ಸಿಬ್ಬಂದಿಯ ಎದುರು. ಜೀವನಾಂಶದ ಬಾಕಿ ಮುಂದಿನ ವಿಚಾರಣೆಯೊಳಗೆ ಸಂದಾಯವಾಗದಿದ್ದರೆ ಜೈಲು. ಮಾಸ್ತರ ಊರುಗೋಲನ್ನು ಬೆಂಚಿನ ಮೇಲೇ ಬಿಟ್ಟು, ತನ್ನ ವಕೀಲನನ್ನು ಹುಡುಕಿಕೊಂಡು ದಡದಡನೆ ಮೆಟ್ಟಿಲಿಳಿದ.

ಮನೆಗೆ ಹೋಗುವಾಗ ಹುಡುಗಿ ಹಿಂದಿನ ಸೀಟಿನಲ್ಲಿ ತಾಯಿಗೆ ಒರಗಿಕೊಂಡಳು.

"ಅಮ್ಮಾ, ನನ್ನ ಸ್ಕೂಲ್ ಬ್ಯಾಗ್?"

"ಮೊಳೆಯಲ್ಲೇ ಇದೆ ಪುಟ್ಟಾ."