ಎಡಭುಜದ ಹತ್ತಿ

ನಾನು ದರ್ಜಿ. ಗಿರಾಕಿಯ ಮೈಯ ಗುಟ್ಟು ನನ್ನ ಬಾಯಿಂದ ಆಚೆ ಹೋಗುವುದಿಲ್ಲ. ಸೊಂಟ, ತೋಳುಗಳ ಅಳತೆಯನ್ನು ಪುಸ್ತಕದಲ್ಲಿ ಬರೆಯುತ್ತೇನೆ. ಗೂನು, ಊನಗಳಿಗೆ ಮಾತ್ರ ನೂಲಿಗೆ ಗಂಟು ಹಾಕಿ ಡಬ್ಬಿಯಲ್ಲಿಡುತ್ತೇನೆ. ನಮ್ಮೂರ ಶಾಲೆಯ ಮೇಷ್ಟ್ರ ನೂಲಿಗೆ ಎರಡು ಗಂಟು: ಎಡಭುಜ ಎರಡು ಬೆರಳು ಕೆಳಗೆ. ಇಪ್ಪತ್ತು ವರ್ಷದಿಂದ ಅವರ ಕೋಟಿನೊಳಗೆ ಹತ್ತಿಯಿಟ್ಟು ಸರಿಮಾಡುತ್ತಿದ್ದೆ. ಅದು ನಮ್ಮಿಬ್ಬರನ್ನು ಬಿಟ್ಟರೆ ಗೋಡೆಗೂ ಗೊತ್ತಿರಲಿಲ್ಲ.

ಕಣ್ಣು ಮಂಜಾಗಿ ಗಂಟು ಕಾಣದಾದಾಗ ಮಗಳು ಫೋನಿಗೊಂದು ಆ್ಯಪ್ ಹಾಕಿಕೊಟ್ಟಳು.

"ಬಾಯಲ್ಲಿ ಹೇಳಮ್ಮ, ಅದೇ ಬರ್ಕೊಳ್ಳುತ್ತೆ."

‘ಒಪ್ಪಿಗೆ’ ಎಂಬ ಹಸಿರು ಗುಂಡಿ ಬಂತು, ಒತ್ತಿದೆ. ಮೇಷ್ಟ್ರ ಭುಜದಿಂದ ಹಿಡಿದು ಎಲ್ಲವನ್ನೂ ಒದರಿದೆ. ಮಾತು ಆಡಿದರೆ ಹೋಯ್ತು ಎಂದು ಮಗಳಿಗೆ ಹೇಳಿಕೊಟ್ಟವಳು ನಾನೇ.

ಮುಂದಿನ ವಾರ ದಿಂಬು ಮಾರುವವನೊಬ್ಬ ಶಾಲೆಯ ಗೇಟಿನಲ್ಲಿ ನಿಂತು, "ಎಡಭುಜ ಎರಡು ಬೆರಳು ಇಳಿದಿರೋ ಮೇಷ್ಟ್ರು ಯಾರು?" ಎಂದು ಕೂಗಿದನಂತೆ. ಮಧ್ಯಾಹ್ನ ವಿಮೆಯವನು, ಸಂಜೆ ಭುಜ ಎತ್ತುವ ಯಂತ್ರದವನು. ಮಕ್ಕಳೆಲ್ಲ ಒಂದು ಭುಜ ಇಳಿಸಿಕೊಂಡು ಸಾಲಾಗಿ ಮನೆಗೆ ನಡೆದರಂತೆ.

ನನ್ನ ಮಾತನ್ನು ಮಾರಿಕೊಂಡ ಆ್ಯಪ್ ಕಂಪನಿಯ ಕಚೇರಿಗೆ ಹೋಗಿ ಅಳತೆ ಟೇಪನ್ನು ಮೇಜಿನ ಮೇಲೆ ಕುಕ್ಕಿದೆ.

"ನೀವೇ ಒಪ್ಪಿದ್ದೀರಲ್ಲಮ್ಮ," ಅಂದ ಟೈ ಕಟ್ಟಿದ ಅಧಿಕಾರಿ.

"ಒಪ್ಪಿದ್ದು ನಾನು. ಭುಜ ಯಾರದಪ್ಪ?"

"ಅಳಿಸ್ತೀವಿ. ಆದ್ರೆ ಭುಜ ಅವರದ್ದೇ ಅಂತ ಖಾತ್ರಿ ಆಗ್ಬೇಕು. ಅಂಗಿ ಬಿಚ್ಚಿ ಎರಡೂ ಭುಜದ ಫೋಟೋ ಕಳಿಸೋಕೆ ಹೇಳಿ. ಅದಕ್ಕೂ ಒಂದು ಒಪ್ಪಿಗೆ ಒತ್ಬೇಕು."

ಮೈಯೆಲ್ಲ ಉರಿದುಹೋಯಿತು. ಟೇಪಿನಿಂದ ಅವನ ಸೊಂಟ ಬಳಸಿ, ಕಚೇರಿಗೆಲ್ಲ ಕೇಳುವಂತೆ ಕೂಗಿದೆ: "ನಲವತ್ನಾಲ್ಕು! ಪ್ಯಾಂಟು ಮೂವತ್ತೆಂಟು! ಬೆಳಗಿಂದ ಉಸಿರು ಬಿಗಿ ಹಿಡ್ಕೊಂಡಿದಾರೆ!"

"ಅಮ್ಮಾ, ಮೆಲ್ಲಗೆ! ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ನನ್ನ ಗಿರಾಕಿಯಲ್ಲ, ಹಾಗಾಗಿ ಪಾಪ ತಟ್ಟಲಿಲ್ಲ.

ಅಂಗಡಿಗೆ ಬಂದರೆ ಬೆಂಚಿನ ಮೇಲೆ ಮೇಷ್ಟ್ರು, ತೊಡೆಯ ಮೇಲೆ ಕೋಟು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹತ್ತಿ ತೆಗೆದ್ಬಿಡಿ ಅಕ್ಕ. ಇನ್ನು ಯಾರಿಂದ ಮುಚ್ಚಿಡ್ಲಿ?"

"ತಪ್ಪಾಯ್ತು ಮೇಷ್ಟ್ರೇ. ಒತ್ತೋ ಮುಂಚೆ ನಿಮ್ಮನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

ಹೊಲಿಗೆ ಬಿಚ್ಚಿದೆ. ಒಂದು ಹಿಡಿ ಹತ್ತಿ, ಅಷ್ಟೇ. ಅವರು ಕೋಟು ತೊಟ್ಟು, ಎಡಕ್ಕೆ ಓರೆಯಾಗಿ ಬಾಗಿಲು ದಾಟಿದರು. ನನಗೆ ಅಳು ಬಂತು.

ಹೊಲಿಗೆ ಮಿಷನ್ನಿನ ಪಕ್ಕದಲ್ಲಿದ್ದ ಫೋನು ಎಲ್ಲ ಕೇಳಿಸಿಕೊಂಡಿತ್ತು. ‘ಮೇಷ್ಟ್ರ ಹತ್ತಿ ತೆಗೆದಿದ್ದೀರಾ? ಕೊಳ್ಳುವವರಿಗೆ ತಿಳಿಸೋಣವೇ?’ ಎಂದಿತು. ಕೆಳಗೆ ಎರಡು ಗುಂಡಿ: ‘ಹೌದು’, ‘ಒಪ್ಪಿಗೆ’.

‘ಬೇಡ’ ಎಂಬುದನ್ನು ಹುಡುಕಿದೆ. ಕಣ್ಣೊರೆಸಿಕೊಂಡು ಮತ್ತೆ ಹುಡುಕಿದೆ. ಇರಲಿಲ್ಲ.